ಮಾವನ ಅಟ್ಟದ ಗೂಬೆ ಸಂಸಾರ

ನಾನು ಬಿ.ಎ. ಪಾಸಾಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಸಾರಿದವರು ನಮ್ಮ ಓನರಮ್ಮ. ತಪ್ಪು ನನ್ನ ತಲೆಯದಲ್ಲ, ನಮ್ಮ ಸೋದರಮಾವನದು. ಮದುವೆಯಾಗದೆ ಗೂಬೆಗಳ ಜೊತೆ ಸಂಸಾರ ಹೂಡಿದ ಗೃಹಸ್ಥರು ಇಡೀ ಕೊಳ್ಳೇಗಾಲಕ್ಕೆ ಅವರೊಬ್ಬರೇ!

ಮಾವನದು ರೇಷ್ಮೆ ನೂಲು ತೆಗೆಯುವ ಕೆಲಸ. ನಮ್ಮೂರು ಶಾಗ್ಯದಿಂದ ಕಾಲೇಜಿಗೆಂದು ಬಂದ ನಾನು ಅವರ ಬಾಡಿಗೆ ಮನೆ ಸೇರಿದ್ದೆ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದವಳು ನಾನೊಬ್ಬಳೇ. ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂತು ಅನ್ನುವಾಗ ಅಟ್ಟದಲ್ಲಿ ಗೂಬೆ ಮರಿ ಮಾಡಿತು. ಬೇರೆಯವರಾಗಿದ್ದರೆ ಶಾಂತಿ ಮಾಡಿಸುತ್ತಿದ್ದರು. ಮಾವ ಬಾಣಂತನಕ್ಕೆ ನಿಂತರು! ಘಾಟು ತಾಗೀತೆಂದು ಒಗ್ಗರಣೆ ಬಂದ್. ರೇಡಿಯೋ ಬಂದ್. ನಾನು ಅಟ್ಟ ಹತ್ತುವುದೂ ಬಂದ್. ಗಟ್ಟಿಯಾಗಿ ಓದಿದರೆ, "ಮೆಲ್ಲಗೆ ಓದವ್ವ, ಮರಿ ಬೆಚ್ಚಿಬೀಳ್ತವೆ" ಎಂದು ಗದರುವರು. ಇತಿಹಾಸವನ್ನು ಪಿಸುಗುಟ್ಟಿ ಬಾಯಿಪಾಠ ಮಾಡಿದವರನ್ನು ನೀವು ಕಂಡಿದ್ದೀರಾ?

ಸುದ್ದಿ ಮುಟ್ಟಿ, ಊರಿನ ಪಕ್ಷಿ ಸಂಘದ ಹುಡುಗರು ಇದ್ದೊಂದು ದುರ್ಬೀನು ಹಿಡಿದು ಸೈಕಲ್ಲಿನಲ್ಲಿ ಬಂದರು. ಕೈಗೆಟಕುವ ಗೂಬೆಯನ್ನು ಮಾವ ದುರ್ಬೀನಿನಲ್ಲೇ ನೋಡಿದರು. "ಗೂಬೆ ಎಲ್ಲೋಯ್ತು ಸಾ? ಬರೀ ಮೋಡ ಕಾಣ್ತದೆ!"

ನಗು ಕೇಳಿ ಓನರಮ್ಮ ಬಂದರು. "ಗೂಬೆ ಕೂತ ಮನೆ ಉದ್ಧಾರ ಆದದಾ? ನಾಳೀಕೇ ಗೂಡು ಕೀಳಿಸ್ತೀನಿ."

"ಮರಿ ಇನ್ನೂ ಹಾರಲ್ಲ ಕಣಮ್ಮ, ಸತ್ತೋಯ್ತವೆ. ನಿಮ್ಮನೆ ಇಲೀನೆಲ್ಲ ತಿನ್ನೋವು ಇವೇ" ಎಂದು ಹುಡುಗರು ಅಂಗಲಾಚಿದರು. ಓನರಮ್ಮ ಜಗ್ಗಲಿಲ್ಲ.

ಆಗ ಮಾವ ಬಾಯಿ ಹಾಕಿದರು. "ಅಪಶಕುನ ನಿಜ ಆದ್ರೆ ನಮ್ ಕೂಸು ಫೇಲಾಗ್ಬೇಕು ತಾನೇ? ಫೇಲಾದ್ರೆ ನಾನೇ ಗೂಡು ಕಿತ್ತಾಕ್ತೀನಿ. ಅಲ್ಲೀಗಂಟ ನೀವು ತಂಟೆಗೆ ಬರ್ಕೂಡ್ದು."

"ಗೂಬೆ ಮನೇಲಿ ಓದಿ ಪಾಸಾಯ್ತಾಳಾ? ಈ ಜನ್ಮದಲ್ಲಿ ಆಗಾಕಿಲ್ಲ. ನೋಡೇಬುಡಾನ!"

ನನ್ನನ್ನು ಒಂದು ಮಾತು ಕೇಳಿದರಾ? ಬೇರೆಯವರು ಫೇಲಾದರೆ ಅಪ್ಪನ ಬೈಗುಳ, ನಾನು ಫೇಲಾದರೆ ಒಂದು ಸಂಸಾರವೇ ಬೀದಿಪಾಲು! ಅಂದಿನಿಂದ ಅರ್ಥಶಾಸ್ತ್ರದ ಪುಸ್ತಕ ತೆರೆದರೆ ಪುಟದ ತುಂಬ ಗೂಬೆಗಳ ಬಿಳಿ ಮುಖಗಳು. ಮಾವ ಮಾತ್ರ ದಿನವೂ ಅಟ್ಟದಿಂದಿಳಿದು ವರದಿ ಒಪ್ಪಿಸುವರು: "ದೊಡ್ಡದು ಇಲಿ ನುಂಗ್ತು ಕಣವ್ವ. ಚಿಕ್ಕದುಕ್ಕೆ ನಿಂದೇ ಯೋಚ್ನೆ!" ಪರೀಕ್ಷೆಯಲ್ಲಿ ಪೆನ್ನು ನಿಂತಾಗಲೆಲ್ಲ ಆ ಚಿಕ್ಕದು ನೆನಪಾಗಿ ಕೈ ತಾನೇ ಓಡುತ್ತಿತ್ತು.

ಪಾಸಾದೆ! ಸೆಕೆಂಡ್ ಕ್ಲಾಸು! ಓನರಮ್ಮ ಕೆಲವು ದಿನ ಮಾವನ ಬೀದಿಯಲ್ಲೇ ತಿರುಗಾಡಲಿಲ್ಲವಂತೆ.

ಪರೀಕ್ಷೆ ಮುಗಿಸಿ ಶಾಗ್ಯಕ್ಕೆ ಹೋಗಿದ್ದವಳು ಪದವಿ ಪತ್ರ ಬಂದ ದಿನ ಬಸ್ಸು ಹತ್ತಿ ಬಂದೆ. ಮಾವ ನೂಲಿನ ನೀರಿನ ಕೈ ಪಂಚೆಗೆ ಒರೆಸಿಕೊಂಡು ಪತ್ರವನ್ನು ತೆಗೆದುಕೊಂಡರು. "ನನ್ ಗೂಬೆಗಳ್ನ ನೋಡ್ತೀನಿ ತಡಿ ಮಾವ" ಎಂದು ನಾನು ಏಣಿ ಹತ್ತಿದೆ. ಅಟ್ಟ ಖಾಲಿ. ಮೂಲೆಯಲ್ಲಿ ಜೇಡರ ಬಲೆ.

"ಎಲ್ ಮಾವ?"

"ನಿನ್ ಮೊದಲ್ನೇ ಪೇಪರಿಗೂ ಮುಂಚೇನೇ ಹಾರೋದ್ವು ಕಣವ್ವ."

"ಮತ್ತೆ ದಿನಾ ಇಲಿ ನುಂಗ್ತು ಅಂತ ಯೋಳ್ತಿದ್ಯಲ್ಲ!"

ಮಾವ ಪತ್ರವನ್ನು ಎದೆಗವಚಿಕೊಂಡು ಏಣಿಯ ಬುಡದಲ್ಲೇ ನಿಂತಿದ್ದರು.

"ಅವುಕ್ಕೆ ರೆಕ್ಕೆ ಬಂದಿತ್ತು. ನಿಂಗಿನ್ನೂ ಬರ್ಬೇಕಾಗಿತ್ತಲ್ಲವ್ವ."