ಇಪ್ಪತ್ತು ಪಟ್ಟು ಕುದುರೆ

ಮೂರು ವಾರದಿಂದ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಫಾವನ್ನು ಗೋಡೆಗೆ ಒತ್ತರಿಸಿ, ಹೆಂಡತಿಯ ಬಟ್ಟೆ ಬಕೆಟ್ಟಿನಲ್ಲಿ ಹಳೇ ಪೇಪರು ನೆನೆಹಾಕಿ, ಗಡಿಯಾರ ರಿಪೇರಿಯ ಯಜಮಾನರು ಕುದುರೆ ಮಾಡುತ್ತಿದ್ದರು. ಸಣ್ಣದಲ್ಲ, ಎದೆಮಟ್ಟದ್ದು. (ಅವರ ಬಾಯಲ್ಲಿ ಅದು ‘ಅಶ್ವಶಿಲ್ಪ’, ಹೆಂಡತಿಯ ಬಾಯಲ್ಲಿ ‘ಆ ಪೀಡೆ’.)

ಮಾದರಿ ಮಾತ್ರ ಹೆಬ್ಬೆರಳಿನಷ್ಟು. ಎಂಟು ವರ್ಷದವರಿದ್ದಾಗ ಜ್ವರ ಬಂದು ಮಲಗಿದ್ದರಂತೆ. ಅಕ್ಕ ತನ್ನ ಪ್ರಾಣದಂಥ ಮರದ ಕುದುರೆಯನ್ನು ಅವರ ಅಂಗೈಯಲ್ಲಿಟ್ಟು, “ಇನ್ಮೇಲೆ ಇದು ನಿಂದೇ ಕಣೋ” ಅಂದಳಂತೆ. ಐವತ್ತು ವರ್ಷ ಅದನ್ನು ಜೋಪಾನ ಮಾಡಿದ್ದರು. ನೆನಪಾದಾಗಲೆಲ್ಲ ಈಗಲೂ ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆ ಅಕ್ಕ ಎಷ್ಟೋ ವರ್ಷದ ಮೇಲೆ ಭಾನುವಾರ ಬರುವವಳಿದ್ದಳು. ತಾನು ಮರೆತಿಲ್ಲ ಅಂತ ಅವಳಿಗೆ ತೋರಿಸಲೇಬೇಕಿತ್ತು.

“ಆ ಚಿಕ್ಕದನ್ನೇ ತೋರಿಸಿದ್ರೆ ಆಗಲ್ವಾ?” ಎಂದಳು ಹೆಂಡತಿ.

“ಅಕ್ಕನ ಪ್ರೀತಿ ಅಷ್ಟು ಚಿಕ್ಕದಾ?”

“ದೊಡ್ಡ ಪ್ರೀತಿಗೆ ನನ್ನ ಬಕೆಟ್ಟೇ ಬೇಕಿತ್ತಾ?”

ಶಿಲ್ಪಿವರ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಕಣ್ಣಿಗೆ ಕೆಲಸದ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರು. ವಾಚಿನೊಳಗಿನ ಧೂಳಿನ ಕಣ ಹುಡುಕಿ ಪಳಗಿದ ಕಣ್ಣದು. ಬಾಲದ ಸೀಳು, ಹೊಟ್ಟೆಯ ಬಿರುಕು, ಕಿವಿಯ ಬುಡದಲ್ಲಿ ಎರಡು ಕುಳಿ, ಅವುಗಳ ನಡುವಿನ ಸಂದು, ಎಲ್ಲವನ್ನೂ ಅಳೆದು ಇಪ್ಪತ್ತು ಪಟ್ಟು ಹಿಗ್ಗಿಸಿ ಮೂಡಿಸಿದರು. ಕುಳಿ ಯಾತರದು ಎಂದು ಕೇಳಿದ ಹೆಂಡತಿಗೆ, “ಕಾಲದ ಹೆಜ್ಜೆಗುರುತು” ಎಂದು ಗಂಭೀರವಾಗಿ ವಿವರಿಸಿದರು.

ಭಾನುವಾರ ಅಕ್ಕ ಬಂದಳು. ಕುಡಿಯಲು ನೀರು ಕೊಡುವಷ್ಟೂ ತಾಳ್ಮೆಯಿಲ್ಲದೆ ಯಜಮಾನರು ಕುದುರೆಗೆ ಹೊದಿಸಿದ್ದ ಬೆಡ್‌ಶೀಟು ಎಳೆದೇಬಿಟ್ಟರು.

“ಅಯ್ಯೋ! ಇದು ನನ್ನ ಕುದುರೆ!”

ನೋಡಿದ ಕೂಡಲೇ ಗುರುತಿಸಿದಳು! ಯಜಮಾನರು ಹಿರಿಹಿರಿ ಹಿಗ್ಗಿ, ‘ನೋಡಿದ್ಯಾ?’ ಎಂಬಂತೆ ಹೆಂಡತಿಯತ್ತ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಅಕ್ಕ ಕಿವಿಯ ಬುಡಕ್ಕೆ ಬಗ್ಗಿ, ಕುಳಿಗಳಲ್ಲಿ ಬೆರಳಾಡಿಸಿ, ತಮ್ಮನತ್ತ ತಿರುಗಿದಳು.

“ಬಾಯಿ ತೆಗಿಯೋ.”

ತೆಗೆದರು. (ಅಕ್ಕ ಹೇಳಿದ ಮೇಲೆ ಬೇರೆ ದಾರಿಯುಂಟೇ?) ಮುಂದಿನ ಎರಡು ಹಲ್ಲು, ನಡುವೆ ಅದೇ ಸಂದು.

“ಕಚ್ಚಿದ್ದು ನೀನೇ! ಕಾಗೆ ಎತ್ಕೊಂಡು ಹೋಯ್ತು ಅಂದಿದ್ಯಲ್ಲೋ ಕಳ್ಳ!”

“ನೀನೇ ಕೊಟ್ಟಿದ್ದಲ್ವಾ ಅಕ್ಕಾ, ನಂಗೆ ಜ್ವರ ಬಂದಾಗ...”

“ಜ್ವರ ಬಂದಿದ್ದು ನನಗೆ! ಮಲಗಿದ್ದಾಗ ಎತ್ಕೊಂಡಿದ್ದೀಯ. ಸಾಮಾನು ಜೋಪಾನ ಮಾಡಲ್ಲ ಅಂತ ಆ ಜ್ವರದಲ್ಲೇ ಅಮ್ಮ ನನ್ನ ಬೆನ್ನಿಗೆ ನಾಲ್ಕು ಬಿಟ್ಟಿದ್ಲು!”

ಯಜಮಾನರ ಮುಖ ಹುಳ್ಳಗಾಯಿತು. ಐವತ್ತು ವರ್ಷ ಕಣ್ಣಿಗೆ ಒತ್ತಿಕೊಂಡಿದ್ದು ಕದ್ದ ಮಾಲನ್ನೇ! ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಪಕ್ಕದಲ್ಲೇ ಇಟ್ಟಿದ್ದ ಚಿಕ್ಕ ಕುದುರೆಯನ್ನು ತನ್ನ ಬ್ಯಾಗಿಗೆ ಸೇರಿಸಿ ಜಿಪ್ ಎಳೆದಳು.

“ಈ ದೊಡ್ಡದನ್ನ ಇವತ್ತೇ ಒಡೆದುಹಾಕ್ತೀನಿ,” ಎಂದು ಯಜಮಾನರು ಗೊಣಗಿದರು.

ಮೂರು ವಾರದಿಂದ ಇದೇ ಮಾತಿಗೆ ಕಾದಿದ್ದ ಹೆಂಡತಿ ಎರಡೂ ಕೈ ಚಾಚಿ ಕುದುರೆಗೆ ಅಡ್ಡ ನಿಂತಳು.

“ಮುಟ್ಟಿ ನೋಡೋಣ! ಅತ್ತಿಗೆ, ಇದು ಇಲ್ಲೇ ಇರತ್ತೆ. ಬಂದೋರಿಗೆಲ್ಲ ಕಿವಿ ತೋರಿಸಿ ಕಥೆ ಹೇಳೋ ಕೆಲಸ ನಂದು. ರೀ, ನೀವು ಪಕ್ಕದಲ್ಲಿ ನಿಂತು ಬಾಯಿ ತೆಗೆದ್ರೆ ಸಾಕು.”