ಇಟ್ಟಿಗೆ ಆಟದ ಅತ್ತಿಗೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಚುಕ್ಕಿ ಇಟ್ಟು ರಂಗೋಲಿ ಎಳೆದು, ಡಿಕಾಕ್ಷನ್ ಇಳಿಯಲು ಬಿಟ್ಟು, ಚಟ್ನಿಗೆ ಕಾಯಿ ತುರಿಯುತ್ತಾ ನಿಂತಿದ್ದೆ. ಹೊರಗೆ ಗೇಟಿನ ಚಿಲಕ ಸದ್ದು ಮಾಡಿತು. ಆ ಸದ್ದಿನಿಂದಲೇ ಬಂದವರು ಯಾರೆಂದು ನನಗೆ ತಿಳಿಯುತ್ತದೆ. ಹಾಲಿನವನು ಚಿಲಕವನ್ನು ಎಳೆದಾಡುತ್ತಾನೆ, ಪೇಪರಿನವನು ಮುಟ್ಟುವುದೇ ಇಲ್ಲ. ನನ್ನ ಅತ್ತಿಗೆ ಮಾತ್ರ ಟಕ್ ಟಕ್ ಎಂದು ಒತ್ತಿ ತೆಗೆಯುತ್ತಾರೆ, ಗೇಮಿನ ಗುಂಡಿ ಒತ್ತುವ ಹಾಗೆ! ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ತಾವೇ ಕೂತು ವಿಡಿಯೋ ಗೇಮ್ ಆಡುವ ಹೆಂಗಸು ಇಡೀ ತುಮಕೂರು ಜಿಲ್ಲೆಯಲ್ಲಿ ಇವರೊಬ್ಬರೇ ಎಂಬುದು ನನ್ನ ಬಲವಾದ ನಂಬಿಕೆ. ಇನ್ನೊಬ್ಬರು ಇದ್ದರೆ ದಯವಿಟ್ಟು ತಿಳಿಸಿ. ಇಬ್ಬರಿಗೂ ಪರಿಚಯ ಮಾಡಿಸಿ ನಾವು ನೆಮ್ಮದಿಯಾಗಿ ಟಿವಿ ನೋಡುತ್ತೇವೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಗುಬ್ಬಿಯಲ್ಲಿ ಮನೆ, ಊರಾಚೆ ತೆಂಗಿನ ತೋಟ. ಮಕ್ಕಳಿಲ್ಲ. ಅಂದು ಬೆಳಗಿನ ಮೊದಲ ಬಸ್ಸಿಗೇ ಹತ್ತಿ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಬಂದವರು ಬಾಗಿಲಲ್ಲೇ ನಿಂತು ರಂಗೋಲಿಯನ್ನು ದಿಟ್ಟಿಸಿದರು.

“ಏನ್ ಕಣಮ್ಮಾ, ಇಷ್ಟೊಂದು ಚುಕ್ಕಿ! ಹಾಲಿನೋನ ಬೈಕ್ ಬರೋವರ್ಗೂ ಇರುತ್ತಾ ಇದು? ನಾಕು ಗೆರೆ ಎಳ್ದು ಒಳಗ್ ಬಂದಿದ್ರೆ ಒಂದ್ ಲೋಟ ಕಾಫಿನಾದ್ರೂ ಕುಡೀಬೋದಿತ್ತು.”

ನಾನು ಕಾಫಿ ಬೆರೆಸಲು ಒಳಗೆ ನಡೆದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಉತ್ತರ ತಪ್ಪಿದ್ದರೂ ಮಾರ್ಜಿನ್ ನೇರವಾಗಿದ್ದರೆ ಸಿಸ್ಟರ್ ನಗುತ್ತಿದ್ದರು. ಅಚ್ಚುಕಟ್ಟೇ ಅರ್ಧ ಅಂಕ ಎಂದು ನಂಬಿ ಬೆಳೆದವಳ ಮುಂದೆ, ಅಚ್ಚುಕಟ್ಟೆಂದರೆ ಬರೀ ದಂಡ ಎನ್ನುವ ಅತ್ತಿಗೆ! ಇಬ್ಬರೂ ಇಷ್ಟು ವರ್ಷ ಜಗಳವಿಲ್ಲದೆ ಇರುವುದಕ್ಕೆ ನಡುವೆ ಇರುವ ಬಸ್ಸಿನ ದಾರಿಯೇ ಕಾರಣವಿರಬೇಕು.

ಈ ವಿಡಿಯೋ ಗೇಮ್ ಅವರ ಮನೆಗೆ ಬಂದದ್ದು ನನ್ನ ಮಗಳು ಮೇಘನಾಳ ನೆಪದಲ್ಲಿ. ಅವಳು ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಗುಬ್ಬಿಗೆ ಹೋಗುತ್ತಿದ್ದಳು, ಆಡಲಿ ಎಂದು ನನ್ನ ಗಂಡ ಒಂದು ಬೂದು ಬಣ್ಣದ ಡಬ್ಬ ತಂದುಕೊಟ್ಟಿದ್ದರು. ಟಿವಿಗೆ ವೈರು ಸಿಕ್ಕಿಸಿ, ಮೇಲೆ ಒಂದು ಕ್ಯಾಸೆಟ್ ತುರುಕಿದರೆ ಆಟ ಶುರು. ಮೇಲಿಂದ ಇಟ್ಟಿಗೆ ಬೀಳುತ್ತವೆ, ಸಂದಿಲ್ಲದೆ ಜೋಡಿಸಿದರೆ ಆ ಸಾಲು ಮಾಯವಾಗುತ್ತದೆ. ಇಷ್ಟೇ! ಮಗಳು ದೊಡ್ಡವಳಾದಳು, ಆಟ ಮರೆತಳು, ಗುಬ್ಬಿಯ ರಜವೂ ನಿಂತುಹೋಯಿತು. ಆದರೆ ಡಬ್ಬ ಅಲ್ಲೇ ಉಳಿಯಿತು. ಅತ್ತಿಗೆ ಕೆಲಸವೆಲ್ಲ ಮುಗಿಸಿ, ಕ್ಯಾಸೆಟ್ಟಿಗೆ ಒಲೆ ಊದುವ ಹಾಗೆ ಉಫ್ ಎಂದು ಊದಿ, ಸೆರಗು ಸಿಕ್ಕಿಸಿಕೊಂಡು ಕೂರುತ್ತಾರೆ. ಗುಂಡಿಯ ರಬ್ಬರು ಸವೆದಾಗ ಹಳೇ ಕುಕ್ಕರಿನ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದ್ದಾರೆ. ಆ ಗುಂಡಿ ಈಗ ಸೀಟಿ ಹೊಡೆಯುವುದೊಂದು ಬಾಕಿ.

ಒಮ್ಮೆ ನಾವು ಹೋದಾಗ ಭಾವನವರು, ಅಂದರೆ ಅತ್ತಿಗೆಯ ಯಜಮಾನರು, ಎಲೆಯ ಮುಂದೆ ಕೂತು ಸಾರಿಗಾಗಿ ಕಾಯುತ್ತಿದ್ದರು. ಕಾದು ಕಾದು ನನ್ನ ಕಡೆ ತಿರುಗಿ, “ನೋಡಮ್ಮ, ಆ ಇಟ್ಗೇಲಿ ಇಷ್ಟೊತ್ಗೆ ಒಂದು ಮಾಳಿಗೆ ಮನೇನೇ ಕಟ್ಬೋದಿತ್ತು” ಎಂದರು.

ಒಳಗಿಂದ ಉತ್ತರ ಬಂತು: “ಕಟ್ಬುಟ್ಟಿದ್ರೆ ಆಟ ಮುಗ್ದೋಗ್ತಿತ್ತಲ್ರೀ!”

ಅತ್ತಿಗೆಯ ಇಡೀ ಸಿದ್ಧಾಂತ ಈ ಒಂದು ಮಾತಿನಲ್ಲಿದೆ. ಆಟವೆಂದರೆ ಮುಗಿಯಬಾರದು. ಸೋತವರಿಗೆ ಕೂಡಲೇ ಮತ್ತೆ ಆಡಬೇಕು ಅನ್ನಿಸಬೇಕು. ಮಿಕ್ಕದ್ದೆಲ್ಲ ಮದುವೆ ಮನೆಯ ಲೈಟಿಂಗು.

ಇದನ್ನು ಅವರು ಕುಣಿಗಲ್ಲಿನಲ್ಲೂ ಸಾರಿ ಬಂದರು. ಅಲ್ಲಿ ನಮ್ಮ ನೆಂಟರ ಮನೆಯ ಹುಡುಗನೊಬ್ಬ ಗೋಡೆಯಗಲದ ಟಿವಿ, ಅದಕ್ಕೊಂದು ಹೊಸ ಮೆಷಿನ್ನು ತಂದಿದ್ದ. ಗೃಹಪ್ರವೇಶದ ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೆ ಅವನು ಅತ್ತಿಗೆಯನ್ನು ಕರೆದು ಕೂರಿಸಿದ. ಪರದೆಯ ಮೇಲೆ ಒಂದು ಕುದುರೆ ಓಡುತ್ತಿತ್ತು.

“ನೋಡಿ ಅತ್ತೆ, ಕುದುರೆ ಕತ್ತಿನ ಕೂದಲು ಒಂದೊಂದೂ ಬೇರೆ ಬೇರೆ ಹಾರ್ತಿದೆ! ಬೆವರು ನೋಡಿ! ಗ್ರಾಫಿಕ್ಸ್ ಅಂದ್ರೆ ಇದು.”

ಅತ್ತಿಗೆ ಕನ್ನಡಕ ಏರಿಸಿ ನೋಡಿದರು. “ಕುದ್ರೆ ನೋಡಾಕೆ ಟಿವಿ ಯಾಕ್ಲಾ? ನಿಮ್ಮೂರ ಕುದ್ರೆ ಫಾರಂ ಬೇಲಿ ತಾವ ಹೋಗಿ ನಿಂತ್ಕೊ. ಕುಣಿಗಲ್ನಾಗೆ ಪುಕ್ಸಟ್ಟೆ ಕಾಣುತ್ತೆ, ಕೂದಲೂ ಹಾರುತ್ತೆ, ವಾಸನೇನೂ ಬರುತ್ತೆ!”

ಮುಂದಿನ ಯುಗಾದಿಗೆ ಮತ್ತೆ ಅಲ್ಲಿಗೆ ಹೋದಾಗ ಆ ಮೆಷಿನ್ನಿನ ಮೇಲೆ ಒಗೆದ ಸಾಕ್ಸು ಒಣಗುತ್ತಿದ್ದವು. ಅತ್ತಿಗೆ ಬಿಡುತ್ತಾರೆಯೇ?

“ಎಲ್ಲೋಯ್ತ್ಲಾ ನಿನ್ನ ಕುದ್ರೆ?”

“ಆ ಗೇಮ್ ಮುಗೀತು ಅತ್ತೆ. ಮತ್ತೆ ಆಡಕ್ಕೆ ಬೋರು.”

“ಮುಗಿಯೋ ಆಟನಾ ದುಡ್ಕೊಟ್ಟು ತಂದ್ಯಾ? ಚೌಕಾಬಾರ ಮುಗೀತೇನ್ಲಾ? ಸೀಮೆಸುಣ್ಣದಾಗೆ ನೆಲದ್ ಮ್ಯಾಲೆ ಮನೆ ಗೀಚ್ತಿದ್ವಿ. ನಮ್ಮಜ್ಜಿ ಆಡಿದ್ರು, ನಮ್ಮವ್ವ ಆಡಿದ್ಲು. ಅದಕ್ಕೇನ್ಲಾ ಇತ್ತು ಗ್ರಾಫಿಕ್ಸು? ತಟ್ಟೆ ಇಡ್ಲಿಗೇನೈತೆ ಗ್ರಾಫಿಕ್ಸು? ಬೆಳ್ಳಗೆ ಒಂದು ತಟ್ಟೆ. ತಿಂದೋನು ಮತ್ತೆ ಅದೇ ಹೋಟ್ಲು ಬಾಗ್ಲಲ್ಲಿ ನಿಂತಿರ್ತಾನೋ ಇಲ್ವೋ?”

ಹುಡುಗ ಸಾಕ್ಸು ತೆಗೆದುಕೊಂಡು ಒಳಗೆ ಹೋದ.

ಇಂಥವರನ್ನು ನನ್ನ ಮಗಳು ಅಂದು ತಾನಾಗಿಯೇ ಫೋನ್ ಮಾಡಿ ಕರೆಸಿಕೊಂಡಿದ್ದಳು! ಎಂಜಿನಿಯರಿಂಗ್ ಕೊನೆಯ ವರ್ಷ. ಅವಳು ಪ್ರಾಜೆಕ್ಟಿಗೆಂದು ತಯಾರಿಸಿದ್ದು ಒಂದು ಗೇಮ್. ಮರುದಿನ ಅದನ್ನು ಕಾಲೇಜಿನಲ್ಲಿ ಮೇಷ್ಟರುಗಳ ಮುಂದೆ ಆಡಿಸಿ ತೋರಿಸಬೇಕಿತ್ತು. ವರ್ಷವಿಡೀ ಅದಕ್ಕೆ ಚಿತ್ರ ಬರೆದಿದ್ದಾಳೆ. ಬೆಳದಿಂಗಳ ತೆಂಗಿನ ತೋಟ, ಗಾಳಿಗೆ ತೂಗುವ ಮರಗಳು, ಮರದಿಂದ ಮರಕ್ಕೆ ಹಾರಬೇಕಾದ ಒಂದು ಅಳಿಲು. ಅಳಿಲಿನ ಬೆನ್ನಿನ ಗೆರೆಗಳಿಗೇ ಒಂದು ಇಡೀ ಭಾನುವಾರ ಹೋಗಿತ್ತು. ನನಗಂತೂ ಕಣ್ಣು ತುಂಬುವಷ್ಟು ಚೆಂದ ಕಾಣುತ್ತಿತ್ತು.

“ಅಮ್ಮಾ, ನಿಂಗೆ ನಾನು ಗೋಡೆ ಮೇಲೆ ಗೀಚಿದ್ರೂ ಚೆಂದಾನೇ. ಅತ್ತೆ ಆಡಿ, ಇನ್ನೊಂದ್ಸಲ ಆಡ್ತೀನಿ ಅಂದ್ರೆ ಸಾಕು. ಧೈರ್ಯವಾಗಿ ಹೋಗ್ತೀನಿ” ಎಂದಿದ್ದಳು.

ತಿಂಡಿಯಾಯಿತು. ಅತ್ತಿಗೆ ಲ್ಯಾಪ್‌ಟಾಪಿನ ಮುಂದೆ ಕೂತರು. ಮೇಘನಾ ಅವರ ಹಿಂದೆ, ಕುರ್ಚಿಯ ಅಂಚು ಹಿಡಿದು ನಿಂತಳು. ಅಳಿಲು ಹಾರಿತು, ಹಿಡಿತ ತಪ್ಪಿ ಬಿತ್ತು. ಬಿದ್ದೊಡನೆ ಸಂಗೀತ ಶುರುವಾಯಿತು. ಚಂದ್ರ ಮೋಡದ ಹಿಂದೆ ಸರಿದ, ಒಂದು ಗರಿ ನಿಧಾನವಾಗಿ ಉದುರಿತು, ಅಳಿಲು ಎದ್ದು ಮೈ ಕೊಡವಿ ಆಕಾಶ ನೋಡಿ ನಿಟ್ಟುಸಿರು ಬಿಟ್ಟಿತು. ಮತ್ತೆ ಹಾರಿತು. ಮತ್ತೆ ಬಿತ್ತು. ಮತ್ತೆ ಚಂದ್ರ, ಮತ್ತೆ ಗರಿ, ಮತ್ತೆ ನಿಟ್ಟುಸಿರು. ಅತ್ತಿಗೆಯ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಾ ಚಡಪಡಿಸುವುದು ನನಗೆ ಕಾಣುತ್ತಿತ್ತು.

ಇನ್ನೊಮ್ಮೆ ಗರಿ ಉದುರುವಾಗ ಅವರು ಎದ್ದೇಬಿಟ್ಟರು. “ಚೆನ್ನಾಗೈತೆ ಕಣೇ ಮಗ” ಎಂದು, ನನ್ನ ಕಡೆ ತಿರುಗಿ, “ಅವರೆಕಾಯಿ ಎಲ್ಲಿಟ್ಟಿದ್ಯಾ? ಬುಡಿಸ್ತೀನಿ ಕೊಡು” ಎಂದರು.

ಅತ್ತಿಗೆಯ ಬಾಯಲ್ಲಿ ‘ಚೆನ್ನಾಗೈತೆ’ ಬಂತೆಂದರೆ ಅಲ್ಲಿಗೆ ಮುಗಿಯಿತು! ನೆಂಟರ ಮನೆಯ ತಣ್ಣನೆಯ ಉಪ್ಪಿಟ್ಟಿಗೂ, ಅವರು ಎಂದೂ ಉಡದ ಸೀರೆಗಳಿಗೂ ಸಿಕ್ಕಿರುವ ಬಿರುದು ಅದು. ನಿಜವಾಗಿ ಹಿಡಿಸಿದರೆ ಅವರು ಮಾತಾಡುವುದಿಲ್ಲ, ಸುಮ್ಮನೆ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳುತ್ತಾರೆ. ಮೇಘನಾ ಇದನ್ನು ಬಲ್ಲವಳು. ಅಡುಗೆಮನೆಗೆ ಬಂದು, “ಅತ್ತೆಗೇನ್ ಗೊತ್ತಮ್ಮ ಆರ್ಟು” ಎಂದಳು. ಆಮೇಲೆ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಕಿತ್ತು ಕಡ್ಡಿಯನ್ನು ಬಟ್ಟಲಿಗೂ ಎಲೆಯನ್ನು ಕಸಕ್ಕೂ ಹಾಕಿದಳು. ನಾನು ಬಟ್ಟಲನ್ನೂ ಕಸದ ತಟ್ಟೆಯನ್ನೂ ಅದಲು ಬದಲು ಮಾಡಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅನಾಹುತವಾಯಿತು. ಮೇಘನಾ ಚಿತ್ರಗಳನ್ನೆಲ್ಲ ಕಾಪಿ ಮಾಡುವ ಬದಲು ಕಟ್ ಮಾಡಿ ಪೆನ್‌ಡ್ರೈವಿಗೆ ಸಾಗಿಸಲು ಹಚ್ಚಿ ಊಟಕ್ಕೆ ಬಂದಿದ್ದಳು. ಅತ್ತಿಗೆಗೆ ಗುಬ್ಬಿಯಲ್ಲೊಂದು ಅಭ್ಯಾಸ. ವೋಲ್ಟೇಜ್ ಏರಿಳಿದು ಒಮ್ಮೆ ಮಿಕ್ಸಿ ಸುಟ್ಟ ಮೇಲೆ, ಯಾವ ಕೋಣೆಯಿಂದ ಹೊರಗೆ ಬಂದರೂ ಪ್ಲಗ್ಗುಗಳನ್ನು ಕಿತ್ತಿಟ್ಟು ಬರುತ್ತಾರೆ. ಕೈ ತೊಳೆಯಲು ಆ ಕಡೆ ಹೋದವರಿಗೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಏನೋ ಚಿಕ್ಕದೊಂದು ಮಿಣಮಿಣ ಅನ್ನುತ್ತಿದ್ದುದು ಕಂಡಿದೆ.

“ಸುಮ್ಕೆ ಕರೆಂಟ್ ಎಳೀತಿತ್ತು, ಕಿತ್ತು ಮಡಗಿವ್ನಿ” ಎಂದು ಎಲೆಯ ಮುಂದೆ ಕೂತರು.

ಮೇಘನಾ ಅನ್ನದ ಕೈಯಲ್ಲೇ ಓಡಿದಳು. ಟಕಟಕ ಗುಂಡಿ ಒತ್ತುವ ಸದ್ದು ಕೇಳಿತು. ಆಮೇಲೆ, “ಅಮ್ಮಾ, ಎಲ್ಲಾ ಹೋಯ್ತು” ಎಂಬ ಸಣ್ಣ ದನಿ. ಅತ್ತ ಪೂರ್ತಿ ಹೋಗದೆ, ಇತ್ತ ಉಳಿಯದೆ, ಚಿತ್ರಗಳೆಲ್ಲ ನಡುದಾರಿಯಲ್ಲಿ ಕೆಟ್ಟುಹೋಗಿದ್ದವು. ಗೇಮ್ ತೆರೆದರೆ ತೋಟವಿಲ್ಲ, ಚಂದ್ರನಿಲ್ಲ. ಮರಗಳಿರುವ ಜಾಗದಲ್ಲಿ ಉದ್ದುದ್ದ ಪಟ್ಟಿಗಳು ವಾಲಾಡುತ್ತಿದ್ದವು. ಅಳಿಲಿನ ಜಾಗದಲ್ಲಿ ಒಂದು ಕೆಂಪು ಚೌಕ! ಇನ್ನೊಂದು ಕಾಪಿ ಇದ್ದದ್ದು ಜೊತೆಯಲ್ಲಿ ಪ್ರಾಜೆಕ್ಟ್ ಮಾಡುವ ಗೆಳತಿಯ ಹತ್ತಿರ. ಆ ಹುಡುಗಿ ಹೆಬ್ಬೂರಿನಲ್ಲಿ ಯಾರದೋ ಮದುವೆಯಲ್ಲಿದ್ದಾಳೆ, ಫೋನ್ ಎತ್ತುತ್ತಿಲ್ಲ. ವಾಲಗದ ನಡುವೆ ಯಾರ ಫೋನು ತಾನೇ ಕೇಳಿಸುತ್ತದೆ?

ಅತ್ತಿಗೆಯ ಮುಖ ಇಳಿದುಹೋಯಿತು. ಊಟ ಅರ್ಧಕ್ಕೇ ಬಿಟ್ಟು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಮಗಳ ಪಕ್ಕ ಹೋಗಿ ನಿಂತರು. ಬೈಸಿಕೊಳ್ಳಲು ತಯಾರಾಗಿ ನಿಂತ ಹಾಗಿತ್ತು. ಮೇಘನಾ ಬೈಯಲಿಲ್ಲ, ಸ್ವಲ್ಪ ಸರಿದು ಅವರಿಗೂ ಜಾಗ ಬಿಟ್ಟಳು. ಅದು ಇನ್ನೂ ಕಷ್ಟ.

ಏನು ಮಾಡಬೇಕೆಂದು ತೋಚದೆ ಅತ್ತಿಗೆ ಒಂದು ಗುಂಡಿ ಒತ್ತಿದರು. ಕೆಂಪು ಚೌಕ ಹಾರಿತು. ಬಿತ್ತು. ಚಂದ್ರ, ಗರಿ, ನಿಟ್ಟುಸಿರು ಏನೂ ಬರಲಿಲ್ಲ. ಚೌಕ ಆ ಕ್ಷಣವೇ ಮತ್ತೆ ಮೊದಲ ಪಟ್ಟಿಯ ಮೇಲೆ ತಯಾರಾಗಿ ನಿಂತಿತ್ತು. ಅತ್ತಿಗೆ ಇನ್ನೊಮ್ಮೆ ಒತ್ತಿದರು. ಬಿತ್ತು. ಇನ್ನೊಮ್ಮೆ. ಕಾಲಿನಿಂದಲೇ ಕುರ್ಚಿ ಎಳೆದುಕೊಂಡು ಕೂತರು.

“ಗಾಳಿ ಈ ಕಡೀಕ್ ಬಂದಾಗ ಹಾರ್ಬಾರ್ದು, ವಾಪಸ್ ಹೋಗೋವಾಗ ಹಾರ್ಬೇಕು. ಅಲ್ವೇನೇ?”

“ಹ್ಞೂಂ” ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತಾ. “ಅದೇ ಅತ್ತೆ ಟ್ರಿಕ್ಕು. ಬೆಳಿಗ್ಗೆ ಕಾಣಿಸ್ಲಿಲ್ವಾ?”

“ಬೆಳಿಗ್ಗೆ ಚಂದ್ರನ್ನ ನೋಡ್ತಾ ಕೂತಿದ್ದೆ. ಸುಮ್ಕಿರು ಈಗ.”

ಆಮೇಲೆ ಮಾತೇ ಇಲ್ಲ! ನಾನು ಪಾತ್ರೆ ತೊಳೆದೆ, ಬಟ್ಟೆ ಮಡಿಸಿದೆ, ಕಾಫಿ ಕೊಟ್ಟೆ. ಕಾಫಿ ಕೆನೆಗಟ್ಟಿತು. ಗುಬ್ಬಿಯಿಂದ ಭಾವನವರ ಫೋನ್ ಬಂತು.

“ಇನ್ನೂ ಹೊರಟಿಲ್ವೇನಮ್ಮ ಅವಳು?”

“ಆಡ್ತಾ ಇದಾರೆ ಭಾವ.”

“ಹಂಗಾದ್ರೆ ನಾನು ಉಂಡು ಮಲಿಕ್ಕೊತೀನಿ ಬುಡು.”

ಸಂಜೆ ಇಳಿಯುವ ಹೊತ್ತಿಗೆ ಹೆಬ್ಬೂರಿನ ಹುಡುಗಿ ಫೋನ್ ಮಾಡಿದಳು. ಚಿತ್ರಗಳು ಭದ್ರವಾಗಿವೆ, ಈಗಲೇ ಕಳಿಸುತ್ತಾಳಂತೆ. ನಾನು ದೇವರಿಗೆ ಕೈಮುಗಿದೆ.

“ಈಗ ಬೇಡ ಕಣೇ” ಎಂದಳು ನನ್ನ ಮಗಳು. “ಅತ್ತೆ ಆಡ್ತಿದಾರೆ. ಆಮೇಲೆ ಕಳ್ಸು. ಆ ಬೀಳೋ ಸೀನ್ ಮಾತ್ರ ಕಳಿಸ್ಬೇಡ, ಅದನ್ನ ತೆಗೀತಿದೀನಿ.”

ಅಳಿಲು ಬಿದ್ದು ನಿಟ್ಟುಸಿರಿಡುವ ಆ ದೃಶ್ಯಕ್ಕಾಗಿ ಅವಳು ಎಷ್ಟು ನಿದ್ದೆಗೆಟ್ಟಿದ್ದಳೋ! ಸಾಸಿವೆ ಡಬ್ಬಿ ಹುಡುಕುವವಳಂತೆ ನಾನು ಅಡುಗೆಮನೆಯ ಬಾಗಿಲ ಹತ್ತಿರವೇ ನಿಂತೆ.

“ಅತ್ತೆ, ಇಷ್ಟು ಚೆನ್ನಾಗಿ ಆಡೋದು ಯಾವಾಗ ಕಲಿತ್ರಿ ನೀವು?”

“ನೀನು ಚಿಕ್ಕೋಳಿದ್ದಾಗ್ಲೇ” ಎಂದರು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ. “ನಂಗೆ ಬರ್ತಿರ್ಲಿಲ್ಲ ಅಂತ ಒಬ್ಳೇ ಆಡ್ತಿದ್ದೆ ನೀನು. ಮುಂದಿನ್ ಬೇಸ್ಗೇಗೆ ಬರ್ತಾಳೆ, ಜೊತೇಗ್ ಆಡಾನ ಅಂತ ಕಲ್ತೆ. ಆಮೇಲ್ ನೀನು ಟ್ಯೂಷನ್ನು ಅದೂ ಇದೂ ಅಂತ... ಹೋಗ್ಲಿ. ನೋಡಿಲ್ಲಿ, ಈ ಪಟ್ಟಿ ವಸಿ ಜಾಸ್ತಿ ವಾಲ್ತೈತೆ.”

ಅವರ ದನಿಯಲ್ಲಿ ಯಾವ ದೂರೂ ಇರಲಿಲ್ಲ, ಪಟ್ಟಿಯ ಬಗ್ಗೆ ಇದ್ದದ್ದು ಬಿಟ್ಟರೆ. ಮೇಘನಾ ಒಂದಿಷ್ಟು ಹೊತ್ತು ಅವರ ಹೆಬ್ಬೆರಳನ್ನೇ ನೋಡುತ್ತಿದ್ದಳು. ಆಮೇಲೆ, “ಒಂದ್ನಿಮಿಷ ಕೊಡಿ ಅತ್ತೆ” ಎಂದು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಏನೇನೋ ಟೈಪ್ ಮಾಡತೊಡಗಿದಳು. ಒಂದು ನಿಮಿಷವಲ್ಲ, ಅತ್ತಿಗೆಗೆ ಆಕಳಿಕೆ ಬರುವಷ್ಟು ಹೊತ್ತು. ಮತ್ತೆ ಅವರ ಕಡೆ ತಿರುಗಿಸಿದಾಗ ಕೆಂಪು ಚೌಕದ ಪಕ್ಕದಲ್ಲಿ ಒಂದು ನೀಲಿ ಚೌಕ ನಿಂತಿತ್ತು. ಚೌಕಕ್ಕೆ ಬೆನ್ನಿನ ಗೆರೆ ಬರೆಯುವ ಕೆಲಸವಿಲ್ಲವಲ್ಲ!

“ಕೆಂಪು ನಿಮ್ದು. ನೀಲಿ ನಂದು. ನನ್ನ ತಳ್ಳಂಗಿಲ್ಲ ಮತ್ತೆ.”

“ತಳ್ಳದೆ ಇರ್ತೀನಾ?” ಎಂದರು ಅತ್ತಿಗೆ, ಸೆರಗು ಸಿಕ್ಕಿಸಿಕೊಳ್ಳುತ್ತಾ.

ಎದುರುಮನೆಯ ಜಯಮ್ಮ ಸಾರಿನ ಬಟ್ಟಲು ಹಿಂದಿರುಗಿಸಲು ಬಂದಾಗ ನಡುಮನೆಯಲ್ಲಿ ಕತ್ತಲು ಕವಿದಿತ್ತು. ಸ್ಕ್ರೀನಿನ ಬೆಳಕಿನಲ್ಲಿ ಎರಡು ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಬೀಳುವ ಸದ್ದು, “ಅಯ್ಯೋ ಅತ್ತೆ, ಮೋಸ!” ಎಂಬ ಕೂಗು, ಅದರ ಬೆನ್ನಿಗೆ ಇಬ್ಬರ ನಗು. ಜಯಮ್ಮ ಬಾಗಿಲಲ್ಲೇ ನಿಂತು ಬಗ್ಗಿ ನೋಡಿದರು. ನನಗೆ ನಾಚಿಕೆಯಾಗಿ ಲೈಟಿನ ಸ್ವಿಚ್ಚಿಗೆ ಕೈ ಹಾಕಿದೆ.

“ಇರ್ಲಿ ಬುಡ್ರೀ, ನಗ್ತಾವ್ರೆ” ಎಂದು ಅವರು ಬಟ್ಟಲನ್ನು ನನ್ನ ಕೈಗಿತ್ತರು. “ಲೈಟ್ ಆಮೇಲ್ ಹಾಕ್ಕೊಳಿ.”