ವಾರಕ್ಕೆ ಎರಡು ಗಂಟೆ ಹುಲ್ಲು

ದುಬೈಯ ಒಂದು ಖಾಸಗಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ನಾನು ಕೋಚ್ ಆಗಿದ್ದೆ ಎಂದರೆ ಜನ ಮೊದಲು ಕೇಳುವುದು, "ಎಷ್ಟು ಕಪ್ ಗೆದ್ರಿ?" ಅಂತ. ಕಪ್ ಇಲ್ಲ ಮಾರಾಯ್ರೆ, ಕತೆ ಉಂಟು. ಆಟದ ಗಂಧಗಾಳಿ ಇಲ್ಲದವರ ಕೈಯಲ್ಲಿ ಆಟದ ದುಡ್ಡು ಇರುವ ಕಡೆ ಇಂಥವು ಆಗುತ್ತಲೇ ಇರುತ್ತವೆ, ಹುಡುಕಿಕೊಂಡು ಹೋಗಬೇಕಾಗಿಲ್ಲ. ಇದನ್ನೆಲ್ಲ ನಾನು ನಗುನಗುತ್ತಾ ಹೇಳುತ್ತೇನೆ ಎಂದುಕೊಂಡಿದ್ದೆ. "ನಗುವುದು ಕೇಳುವವರು. ನಿಮ್ಮ ಕಿವಿ ಮಾತ್ರ ಕೆಂಪಾಗ್ತದೆ" ಎನ್ನುತ್ತಾಳೆ ನನ್ನ ಹೆಂಡತಿ. ಆಗಲಿ ಬಿಡಿ. ಕೆಂಪಾಗಬೇಕಾಗಿದ್ದ ಕಿವಿಗಳು ಆಗಲಿಲ್ಲ, ನನ್ನದಾದರೂ ಆಗಲಿ.

ನಾನು ಕೇಳಿದ್ದು ಒಂದೇ ಒಂದು: ವಾರಕ್ಕೆ ಎರಡು ಗಂಟೆ ಹುಲ್ಲಿನ ಮೈದಾನ. ಮಿರ್ದಿಫ್ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿತ್ತು. ನಮ್ಮ ಕ್ಯಾಪ್ಟನ್ ದೇರಾದಲ್ಲೇ ಹುಟ್ಟಿ ಬೆಳೆದ ಬ್ಯಾರಿ ಹುಡುಗ, ಅವನ ತಂದೆಗೆ ಅಲ್ಲೇ ನೈಫ್ ಬಜಾರಿನಲ್ಲಿ ಸೂಟ್‌ಕೇಸ್ ಅಂಗಡಿ. ಕಾಲೇಜಿಗೆ ಸೇರಿದ ಮೊದಲ ವಾರವೇ ಆತ ಬಂದು, "ಸರ್, ಗ್ರೌಂಡ್ ಯಾವಾಗ?" ಎಂದು ಕೇಳಿದ್ದ. ಮುಂದಿನ ತಿಂಗಳು ಎಂದಿದ್ದೆ. ಅವನದ್ದು ಮೂರು ವರ್ಷದ ಡಿಗ್ರಿ. ಆ ಮೂರು ವರ್ಷದಲ್ಲಿ ನಾನು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಕುಳಿತುಕೊಳ್ಳಲು ಒಂದು ಸ್ಟೂಲ್ ಆಗುತ್ತಿತ್ತು.

ಬಂಪರ್ ನಿಯಮ

ನಮ್ಮ ಕಾಲೇಜು ಎಂದರೆ ಬಾಡಿಗೆಯ ಮೂರು ಮಹಡಿ. ಮೈದಾನ ಎಂದರೆ ಹಿಂದಿನ ಕಾರ್ ಪಾರ್ಕಿಂಗ್. ಶುಕ್ರವಾರ ರಜೆ, ಕಾರುಗಳಿಲ್ಲ, ಬೆಳಿಗ್ಗೆ ಬಿಸಿಲೇರುವ ಮೊದಲು ಅಭ್ಯಾಸ. ಸೂಪರ್‌ಮಾರ್ಕೆಟ್ಟಿನವರ ನಾಲ್ಕು ಟ್ರಾಲಿ ತಂದು ಗೋಲ್ ಮಾಡುತ್ತಿದ್ದೆವು. ಟಾರಿನ ಮೇಲೆ ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಗೋಲ್‌ಕೀಪರ್ ಹುಡುಗ ಅಂತೂ ಹಾರುವುದನ್ನೇ ಬಿಟ್ಟು, ಬಂದ ಚೆಂಡಿಗೆ ಮರ್ಯಾದೆಯಿಂದ ದಾರಿ ಬಿಡುತ್ತಿದ್ದ.

ಒಂದು ಶುಕ್ರವಾರ ಚೇರ್ಮನ್ನರು ಯಾವುದೋ ಫೈಲಿಗೆಂದು ಬಂದು ತಮ್ಮ ಕಾರನ್ನು ಸರಿಯಾಗಿ ನಮ್ಮ ಪೆನಾಲ್ಟಿ ಜಾಗದಲ್ಲಿ ನಿಲ್ಲಿಸಿ ಒಳಗೆ ಹೋದರು. ಯಾರೋ ಕಾರ್ನರ್ ಹೊಡೆದ. ಚೆಂಡು ಹೋಗಿ ಕಾರಿನ ಕನ್ನಡಿಗೆ ಬಡಿಯಿತು. ಕನ್ನಡಿಗೆ ಏನೂ ಆಗಲಿಲ್ಲ, ಚೇರ್ಮನ್ನರಿಗೆ ಆಯಿತು.

ಇದೇ ಸಮಯ ಅಂತ ನಾನು, "ಸರ್, ಮಿರ್ದಿಫಲ್ಲಿ ಗ್ರೌಂಡ್ ತಕ್ಕೊಂಡ್ರೆ ಈ ರಗಳೆಯೇ ಇಲ್ಲ" ಎಂದೆ.

"ಗ್ರೌಂಡ್ ಎಂತಕ್ಕೆ ಮಾಸ್ಟ್ರೆ? ಚೆಂಡು ಕಾಲಲ್ಲಿ ಆಡುವುದಲ್ವಾ? ಮೇಲೆ ಯಾಕೆ ಹೋಗ್ಬೇಕು ಅದು?"

ಅಲ್ಲಿ ವಾರ ಶುರುವಾಗುವುದೇ ಭಾನುವಾರ; ಆಫೀಸ್ ತೆರೆದ ಕೂಡಲೇ ಸುತ್ತೋಲೆ ಬಂತು. ಕಾಲೇಜಿನ ಆವರಣದಲ್ಲಿ ಫುಟ್‌ಬಾಲ್ ಅಭ್ಯಾಸದ ವೇಳೆ ಚೆಂಡು ವಾಹನಗಳ ಬಂಪರ್‌ಗಿಂತ ಮೇಲೆ ಹೋಗಕೂಡದು, ಉಲ್ಲಂಘಿಸಿದರೆ ಶಿಸ್ತು ಕ್ರಮ. ಕೆಳಗೆ ಸೀಲು, ಸಹಿ.

ಹುಡುಗರು ಪಾಲಿಸಿದರು. ತಿಂಗಳುಗಟ್ಟಲೆ ಬಂಪರ್ ಎತ್ತರದ ಒಳಗೇ ಆಡಿದರು. ಆಮೇಲೆ ಅಂತರ ಕಾಲೇಜು ಪಂದ್ಯಾವಳಿಯ ಮೊದಲ ಪಂದ್ಯ. ಎದುರಾಳಿ ತಂಡದವ ಕಾರ್ನರ್‌ನಿಂದ ಚೆಂಡನ್ನು ಎತ್ತಿ ಹೊಡೆದ. ನಮ್ಮ ಹನ್ನೊಂದು ಮಂದಿಯೂ ಹಬ್ಬದ ಚಂದ್ರನನ್ನು ಹುಡುಕುವವರ ಹಾಗೆ ಕತ್ತೆತ್ತಿ ನೋಡುತ್ತಾ ನಿಂತರು. ಗೋಲ್. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ.

"ತಲೆ ಕೊಡ್ಲಿಕ್ಕೆ ಎಂತ ಆಯ್ತೋ ನಿಮ್ಗೆ?" ಎಂದು ವಿರಾಮದಲ್ಲಿ ಕಿರುಚಿದೆ.

ಕ್ಯಾಪ್ಟನ್ ಬಹಳ ವಿನಯದಿಂದ ಹೇಳಿದ: "ಸರ್, ಸುತ್ತೋಲೆ ಉಂಟಲ್ಲ."

ಬೆನ್ನ ಮೇಲಿನ ಮುಖ

ಸೋತದ್ದಕ್ಕೆ ಕಾರಣ ಏನೆಂದು ಆಡಳಿತ ಮಂಡಳಿ ಸಭೆ ಸೇರಿ ಪತ್ತೆ ಹಚ್ಚಿತು. ಕಾರಣ: ಜೆರ್ಸಿ ಚೆನ್ನಾಗಿಲ್ಲ.

ನಮ್ಮನ್ನು ಸೋಲಿಸಿದ ಕಾಲೇಜಿನ ಹುಡುಗರು ತೊಟ್ಟಿದ್ದದ್ದು ಒಗೆದು ಒಗೆದು ಬಣ್ಣ ಹೋದ ಟೀ ಶರ್ಟ್. ಆದರೆ ಅವರಿಗೆ ವಾರಕ್ಕೆ ಮೂರು ಸಂಜೆ ಹುಲ್ಲಿನ ಮೇಲೆ ಅಭ್ಯಾಸವಿತ್ತು. ಮೂರೂ ಸಂಜೆ ಅವರ ಜೊತೆಗೇ ನಿಲ್ಲುವ ಕೋಚ್ ಒಬ್ಬರಿದ್ದರು. ಅವರಿಗೆ ಕಾಲೇಜಿನಲ್ಲಿ ಬೇರೆ ಯಾವ ಕೆಲಸವನ್ನೂ ಹಚ್ಚುತ್ತಿರಲಿಲ್ಲ. ಇದನ್ನು ನಾನು ಸಭೆಯಲ್ಲಿ ಹೇಳಿದೆ. "ಅದೆಲ್ಲ ಹೊರಗಿನವರಿಗೆ ಕಾಣುದಿಲ್ಲ ಮಾಸ್ಟ್ರೆ, ಜೆರ್ಸಿ ಕಾಣ್ತದೆ" ಎಂದರು ಚೇರ್ಮನ್ನರು.

ಜೆರ್ಸಿ ಬಿಡುಗಡೆಗೆ ಹೋಟೆಲಿನ ಹಾಲ್ ಹಿಡಿದರು. ಐಸ್‌ನಲ್ಲಿ ಕೆತ್ತಿಸಿದ ಫುಟ್‌ಬಾಲ್ ಒಂದಿತ್ತು. ಭಾಷಣಗಳು ಮುಗಿಯುವ ಹೊತ್ತಿಗೆ ಅದು ಕರಗಿ ಮೊಟ್ಟೆಯಾಗಿತ್ತು. ಆ ಒಂದು ಸಂಜೆಯ ಖರ್ಚಿನಲ್ಲಿ ನನ್ನ ಹುಡುಗರು ಇಡೀ ವರ್ಷ ಹುಲ್ಲಿನ ಮೇಲೆ ಓಡಬಹುದಿತ್ತು. ನಾನು ಊಟ ಮಾಡಲಿಲ್ಲ.

ಜೆರ್ಸಿಯ ಎದುರಿಗೆ ಕಾಲೇಜಿನ ಹೆಸರು. ಹಿಂದೆ, ನಂಬರ್ ಇರಬೇಕಾದ ಜಾಗದಲ್ಲಿ, ಚೇರ್ಮನ್ನರ ನಗುಮುಖ. ಮೀಸೆ ಸಮೇತ.

ಮುಂದಿನ ಪಂದ್ಯದ ರೆಫ್ರಿ ಸುಡಾನಿನವರು, ಬಹಳ ಶಿಸ್ತಿನ ಮನುಷ್ಯ. "ನಂಬರ್ ಎಲ್ಲಿ?" ಎಂದರು. ನಾನು ಅಂಗಲಾಚಿ, ಇದೊಂದು ಆಟ ಬಿಡಿ ಎಂದು ಒಪ್ಪಿಸಿದೆ. ಹತ್ತನೇ ನಿಮಿಷಕ್ಕೇ ನಮ್ಮವನೊಬ್ಬ ಯಾರಿಗೋ ಕಾಲು ಕೊಟ್ಟು ಬೀಳಿಸಿ ಓಡಿಹೋದ. ರೆಫ್ರಿ ಸೀಟಿ ಊದಿ ಹಳದಿ ಕಾರ್ಡ್ ತೆಗೆದರು. ಯಾರಿಗೆ ತೋರಿಸುವುದು? ಎತ್ತ ತಿರುಗಿದರೂ ಅದೇ ಮೀಸೆ, ಅದೇ ನಗು. ಕೊನೆಗೆ ಬೇಸತ್ತು ನನ್ನ ಹತ್ತಿರ ಬಂದು, ನನ್ನನ್ನು ಅರಬಿಯಲ್ಲಿ 'ಮ್ಯಾನೇಜರ್' ಎಂದು ಕರೆದು, ಹರಕು ಹಿಂದಿಯಲ್ಲಿ ಹೇಳಿದರು:

"ಮುದೀರ್, ಯೇ ಮೂಛ್‌ವಾಲಾ ಆದ್ಮಿ ಕೌನ್ ಹೈ? ಇಸ್ಕೋ ಬಾಹರ್ ನಿಕಾಲೋ. ಪೂರಾ ಗಡ್‌ಬಡ್ ಯಹೀ ಕರ್ ರಹಾ ಹೈ."

ಎಲ್ಲ ಕೆಡಿಸುತ್ತಿರುವುದು ಈ ಮೀಸೆಯವನೇ, ಹೊರಗೆ ಹಾಕಿ ಎಂದು ನನ್ನ ಅಷ್ಟೂ ಅರ್ಜಿಗಳಲ್ಲಿ ನಾನು ಹೇಳಲಾಗದ್ದನ್ನು ಆ ಮಹಾನುಭಾವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಬಿಳಿ ಕೋಟು

ನನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ವೀಸಾದಲ್ಲಿ ನನ್ನ ಹುದ್ದೆ 'ಲ್ಯಾಬ್ ಅಸಿಸ್ಟೆಂಟ್'. ಕೊಲ್ಲಿಯಲ್ಲಿ ಇದು ಆಶ್ಚರ್ಯವಲ್ಲ. ಕಂಪೆನಿಗೆ ಯಾವ ಹುದ್ದೆಯ ವೀಸಾ ಖಾಲಿ ಇದೆಯೋ ಅದರಲ್ಲಿ ಆಳನ್ನು ತರಿಸುತ್ತಾರೆ. ನನ್ನ ಬ್ಯಾಚಿನಲ್ಲಿ ಬಂದ ಲೈಬ್ರರಿಯನ್ ಕಾಗದದ ಮೇಲೆ ಪ್ಲಂಬರ್ ಆಗಿದ್ದರು.

ಎರಡನೇ ವರ್ಷ ಅಬುಧಾಬಿಯಲ್ಲಿ ಪಂದ್ಯ. ಗೆದ್ದರೆ ಸೆಮಿಫೈನಲ್. ಚೇರ್ಮನ್ನರು ಮೊದಲ ಬಾರಿಗೆ ಬಾಯಿ ಬಿಟ್ಟು, "ಸೆಮಿಫೈನಲ್ ಮುಟ್ಟಿ ತೋರ್ಸಿ, ಗ್ರೌಂಡ್ ವಿಷಯ ನೋಡುವ" ಎಂದಿದ್ದರು. ಹುಡುಗರ ಕಣ್ಣಲ್ಲಿ ಹುಲ್ಲು ಕಾಣುತ್ತಿತ್ತು. ಬೆಳಿಗ್ಗೆ ಬಸ್ ಹೊರಡಬೇಕು, ಅಷ್ಟರಲ್ಲಿ ಆಫೀಸಿನಿಂದ ಒಬ್ಬರು ಓಡಿ ಬಂದು ನನ್ನನ್ನು ಕೆಳಗಿಳಿಸಿದರು. ಕಾಲೇಜಿನ ಗುಣಮಟ್ಟ ನೋಡುವ ತಂಡ ಬಂದಿದೆ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಲ್ಯಾಬ್ ಅಸಿಸ್ಟೆಂಟ್ ಇರಲೇಬೇಕು, ಕಾಗದದಲ್ಲಿ ಇರುವುದು ನಾನೊಬ್ಬನೇ.

"ಕೋಚ್ ಇಲ್ಲದೆ ತಂಡ ಹೋಗುವುದಾ?" ಎಂದೆ.

"ಆಡುವುದು ಅವ್ರಲ್ವಾ, ನೀವು ಅಲ್ಲಿ ಸುಮ್ನೆ ನಿಲ್ಲುದು ತಾನೇ?" ಎಂದರು ಅವರು.

ಯಾರದೋ ಬಿಳಿ ಕೋಟು ತೊಡಿಸಿ ನನ್ನನ್ನು ಗಾಜಿನ ಸಾಮಾನಿನ ನಡುವೆ ನಿಲ್ಲಿಸಿದರು. ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡೆ. ಆ ಕಡೆ ಬದಲಿ ಗೋಲ್‌ಕೀಪರ್ ಬೆಂಚಿನಲ್ಲಿ ಕುಳಿತು ಫೋನಿನಲ್ಲಿ ವರದಿ ಕೊಡುತ್ತಿದ್ದ. ಮೊದಲ ಅರ್ಧದಲ್ಲಿ ನಾವು ಒಂದು ಗೋಲ್ ಮುಂದೆ! ಅಷ್ಟೊತ್ತಿಗೆ ಪರಿಶೀಲನೆಯವರು ಒಳಗೆ ಬಂದರು. ಹಿರಿಯ ಮೇಡಂ ಒಬ್ಬರು ನನ್ನ ಎದುರು ನಿಂತು, "ಇಲ್ಲಿ ಆ್ಯಸಿಡ್ ಚೆಲ್ಲಿದರೆ ಮೊದಲು ಏನು ಮಾಡುತ್ತೀರಿ?" ಎಂದು ಕೇಳಿದರು.

ಸರಿಯಾಗಿ ಆಗಲೇ ಕಿವಿಯಲ್ಲಿ, "ಸರ್, ನಾಲ್ಕು ಜನ ಒಟ್ಟಿಗೆ ನುಗ್ತಾ ಇದ್ದಾರೆ!"

"ಪೀಛೇ ಹಟೋ!" ಎಂದು ನಾನು ಕಿರುಚಿದೆ. "ಸಬ್ ಪೀಛೇ ಹಟೋ! ಜಲ್ದಿ!"

ಮೇಡಂ ಹಿಂದಕ್ಕೆ ಹಾರಿದರು. ಅವರ ಹಿಂದಿದ್ದ ಮೂವರೂ ಗೋಡೆಗೆ ಅಂಟಿಕೊಂಡರು. ಪ್ರಿನ್ಸಿಪಾಲರು ಆಗಲೇ ಬಾಗಿಲಿನ ಹೊರಗೆ ಇದ್ದರು.

ಪಂದ್ಯ ಮೂರು ಒಂದರಲ್ಲಿ ಸೋತೆವು. ನಾನು ಬೆಂಚಿನಿಂದ ಕೂಗಬೇಕಾಗಿದ್ದ ಮಾತು ಫೋನಿನಿಂದ ಫೋನಿಗೆ, ಬಾಯಿಯಿಂದ ಬಾಯಿಗೆ ಹೋಗಿ ಮುಟ್ಟುವಾಗ ಚೆಂಡು ಗೋಲಿನೊಳಗೆ ಇರುತ್ತಿತ್ತಂತೆ. ಬಸ್ಸಿನಿಂದ ಇಳಿದ ಕ್ಯಾಪ್ಟನ್ ನನ್ನ ಮುಖ ನೋಡದೆ ಹೋದ. ಕಾಲೇಜಿಗೆ ಬಂದ ವರದಿಯಲ್ಲಿ ಮಾತ್ರ ಹೊಗಳಿಕೆಯೇ ಹೊಗಳಿಕೆ. ಸುರಕ್ಷತೆಯ ಬಗ್ಗೆ ಲ್ಯಾಬ್ ಅಸಿಸ್ಟೆಂಟರಿಗೆ ಇರುವ ಕಾಳಜಿ ಇತರ ಕಾಲೇಜುಗಳಿಗೆ ಮಾದರಿ ಎಂದು ಬರೆದಿದ್ದರು.

ಪರಿಣತರು ಬಂದರು

ಮೂರನೇ ವರ್ಷ ಆಡಳಿತ ಮಂಡಳಿಗೆ ಇನ್ನೊಂದು ಜ್ಞಾನೋದಯವಾಯಿತು: ದೋಷ ಜೆರ್ಸಿಯಲ್ಲಿಲ್ಲ, ಕೋಚಿಂಗಿನಲ್ಲಿದೆ. ಹೊರಗಿನಿಂದ ಪರಿಣತರನ್ನು ಕರೆಸಬೇಕು. ಬಂದದ್ದು ಇಂಗ್ಲಿಷಿನ ಒಬ್ಬ ಬಿಳಿ ದೊರೆ. ಮೂರು ವಾರದ ಕರಾರು, ಸಮುದ್ರ ಕಾಣುವ ಹೋಟೆಲ್ ಅಪಾರ್ಟ್‌ಮೆಂಟ್, ಓಡಾಡಲು ಕಾರು. ಅವರ ಚೀಲ ಹೊರುವ ಕೆಲಸ ನನಗೆ.

ಮನುಷ್ಯ ಕೆಟ್ಟವನಲ್ಲ. ಮೊದಲ ದಿನವೇ, "ಮೈದಾನ ತೋರಿಸು" ಎಂದ. ಪಾರ್ಕಿಂಗ್ ತೋರಿಸಿದೆ. ಟ್ರಾಲಿಗಳನ್ನು ನೋಡಿದ, ಟಾರನ್ನು ಬೂಟಿನಿಂದ ಒಮ್ಮೆ ಕೆರೆದ, ಸುಮ್ಮನೆ ನೆರಳಿಗೆ ಹೋಗಿ ಕುಳಿತ. ಆಮೇಲೆ, "ಇದನ್ನು ನೀನು ಇವರಿಗೆ ಹೇಳಲಿಲ್ಲವೇ?" ಎಂದು ಕೇಳಿದ. ನಾನು ಒಳಗೆ ಹೋಗಿ ನನ್ನ ಅರ್ಜಿಗಳ ಫೈಲನ್ನು ತಂದು ಅವನ ತೊಡೆಯ ಮೇಲಿಟ್ಟೆ. ಪೂರ್ತಿ ಓದಿದ. ಕೊನೆಯ ಅರ್ಜಿಯ ಒಂದು ಪ್ರತಿ ಬೇಕೆಂದ. ಉಳಿದ ದಿನಗಳಲ್ಲಿ ಹೆಚ್ಚಿನಂಶ ಸಮುದ್ರ ನೋಡಿದ.

ವರದಿ ಒಪ್ಪಿಸುವ ದಿನ ಬೋರ್ಡ್ ರೂಮಿನಲ್ಲಿ ಎಲ್ಲರೂ ಸೇರಿದರು. ಫೋಟೋಗ್ರಾಫರ್ ಇದ್ದ, ಖರ್ಜೂರ ಇತ್ತು. ಹುಡುಗರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ದೊರೆ ಪರದೆಯ ಮೇಲೆ ಓದಿದ: ಈ ತಂಡಕ್ಕೆ ವಾರಕ್ಕೆ ಎರಡು ಗಂಟೆ ಹುಲ್ಲಿನ ಮೈದಾನ ಬೇಕು. ಕೋಚ್ ಪಂದ್ಯದ ದಿನ ತಂಡದ ಜೊತೆ ಇರಬೇಕು. ಅಷ್ಟೇ. ಅದು ಅಬುಧಾಬಿಯ ಸೋಲಿನ ನಂತರ ನಾನು ಬರೆದ ಕೊನೆಯ ಅರ್ಜಿ. ಒಂದು ಅಕ್ಷರ ಬದಲಾಗಿರಲಿಲ್ಲ, ಸಹಿ ಮಾತ್ರ ಅವನದ್ದು. ಆ ಮನುಷ್ಯ ಕಳ್ಳನೋ ಪುಣ್ಯಾತ್ಮನೋ ಎಂದು ನಾನು ಯೋಚಿಸುತ್ತಿರುವಾಗಲೇ ಚೇರ್ಮನ್ನರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನೋಡಿ, ಇದು ವಿಷನ್ ಅಂದ್ರೆ! ಮೂರು ವರ್ಷದಿಂದ ಇಷ್ಟು ಸಣ್ಣ ವಿಷಯ ನಮ್ಮಲ್ಲಿ ಒಬ್ರಿಗಾದ್ರೂ ಹೊಳೀತಾ?" ಎಂದು ನನ್ನನ್ನೇ ನೋಡಿದರು.

ನನ್ನ ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿಕೊಂಡೆ. ಅರ್ಜಿ ಯಾರದ್ದಾದರೇನು, ಹುಡುಗರಿಗೆ ಹುಲ್ಲು ಸಿಕ್ಕರೆ ಸಾಕು. ಎದ್ದು ಕೇಳಿದೆ: "ಹಾಗಾದ್ರೆ ಸರ್, ಈ ವಾರದಿಂದ್ಲೇ ಗ್ರೌಂಡ್ ಬುಕ್ ಮಾಡ್ಲಾ?"

ಚೇರ್ಮನ್ನರು ಅಕೌಂಟೆಂಟ್ ಕಡೆ ನೋಡಿದರು. ಅಕೌಂಟೆಂಟ್ ದೊರೆಯ ಕಡೆ ನೋಡಿದರು.

"ಸ್ಪೋರ್ಟ್ಸಿಗೆ ಇಟ್ಟದ್ದು ಇವ್ರಿಗೇ ಖಲಾಸ್ ಆಯ್ತಲ್ಲ ಸರ್" ಎಂದರು ಅಕೌಂಟೆಂಟ್. "ಇನ್ನು ಮುಂದಿನ ವರ್ಷ ನೋಡುವ."

ಹಿಂದಿನ ಸಾಲಿನಲ್ಲಿ ಕ್ಯಾಪ್ಟನ್ ಎದ್ದು ನಿಂತ. ಸಭೆಯಲ್ಲಿ ಅವನು ಬಾಯಿ ತೆರೆದದ್ದು ಅದೇ ಮೊದಲು.

"ಸರ್, ಮುಂದಿನ ವರ್ಷ ನಾವು ಇರುದಿಲ್ಲ. ದಿಸ್ ಈಸ್ ಅವರ್ ಲಾಸ್ಟ್ ಇಯರ್. ಒಂದು ವಾರ ಆದ್ರೂ ಕೊಡಿ ಸರ್. ಒಂದೇ ವಾರ."

ಚೇರ್ಮನ್ನರ ಮುಖ ನಿಧಾನಕ್ಕೆ ಅರಳಿತು. ಕರಗಿದರು ಎಂದುಕೊಂಡೆ.

"ಅಯ್ಯೋ, ಇರುದಿಲ್ಲ ಅಂದ್ರೆ ಎಂತ ಮಗಾ? ನೀವು ನಮ್ಮ ಹಳೆ ವಿದ್ಯಾರ್ಥಿಗಳು ಆಗ್ತೀರಿ! ಕಾಲೇಜಿಗೆ ನೀವೇ ಆಧಾರ. ಮೈದಾನದ ಬಾಡಿಗೆಗೆ ಮೊದಲನೇ ಸ್ಪಾನ್ಸರ್ ನಿಮ್ಮದೇ ಬ್ಯಾಚ್. ಏ, ಆ ಹಳೆ ವಿದ್ಯಾರ್ಥಿ ದೇಣಿಗೆ ಫಾರ್ಮ್ ತನ್ನಿ, ಎಲ್ಲರಿಗೂ ಒಂದೊಂದು ಕೊಡಿ."

ಫಾರ್ಮ್ ಹಂಚಿದರು. ಕ್ಯಾಪ್ಟನ್ ಅದನ್ನು ಎರಡು ಸಲ ತಿರುಗಿಸಿ ನೋಡಿದ. "ಸರ್, ನಾವು ಇನ್ನೂ ಪಾಸ್ ಆಗ್ಲಿಲ್ಲ" ಎಂದ.

"ಪಾಸ್ ಮಾಡಿಸುದು ನನ್ನ ಜವಾಬ್ದಾರಿ," ಎಂದರು ಚೇರ್ಮನ್ನರು, ಎದೆ ಮುಟ್ಟಿಕೊಂಡು. "ಗ್ರೌಂಡ್ ಮಾಡಿಸುದು ನಿಮ್ಮ ಜವಾಬ್ದಾರಿ!"

ಆ ಮಾತಿಗೆ ದೊಡ್ಡ ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟಿದರು. ನನ್ನ ವೀಸಾ ನವೀಕರಣಕ್ಕೆ ಎರಡು ವಾರ ಉಳಿದಿತ್ತು, ನಾನೂ ತಟ್ಟಿದೆ. ಕ್ಯಾಪ್ಟನ್ ತಿರುಗಿ ನನ್ನ ಕೈಗಳನ್ನೇ ನೋಡುತ್ತಿದ್ದ.